‘ಮೋಷನ್ ಯಾವ ಬಣ್ಣಕ್ಕೆ ಹೋಗ್ತಿದೆ?’

ಕಳೆದ ದಸರಾ ರಜೆಗೆ ಊರಿಗೆ ಹೋದಾಗ ತಂಗಿಯ ಜೊತೆ ನನಗೆ ಜೋರು ಜಗಳವಾಯಿತು. ಸೆಕೆಂಡ್ ಪಿಯುಸಿ ಓದುತ್ತಿರುವ ಅವಳು ‘ನಂಗೆ ನೀಟ್ ಗೀಟ್ ಬೇಡ, ಬಿಎಸ್ಸಿ ನರ್ಸಿಂಗ್ ಮಾಡ್ತೀನಿ’ ಅಂದದ್ದೇ ಕಾರಣ. ಅಮ್ಮ ಒಗ್ಗರಣೆ ಸೌಟು ಹಿಡಿದು ಸುಮ್ಮನೆ ನಿಂತಿದ್ದಳು. ಅಪ್ಪ ಟಿವಿ ಸೌಂಡು ಜಾಸ್ತಿ ಮಾಡಿದರು. ನಮ್ಮ ಮನೆಯಲ್ಲಿ ಎಂಜಿನಿಯರಿಂಗ್ ಓದುತ್ತಿರುವ ಮೊದಲ ಮನುಷ್ಯ ನಾನು. ಆ ಗತ್ತಿನಲ್ಲಿ ತೀರ್ಪು ಕೊಟ್ಟೆ: ‘ಬೆಡ್‌ಪ್ಯಾನ್ ಎತ್ತೋಕೆ ನಾಲ್ಕು ವರ್ಷ ಓದ್ಬೇಕಾ?’

ಅವಳು ಆ ರಾತ್ರಿ ಊಟ ಮಾಡಲಿಲ್ಲ. ನಾನು ಮಾತ್ರ ಗಡದ್ದಾಗಿ ಉಂಡು ಮಲಗಿದೆ.

ಮೂರು ತಿಂಗಳಿಗೆ, ಜನವರಿಯಲ್ಲಿ, ನಮ್ಮಪ್ಪ ಉಳಿದದ್ದು ನೈಟ್ ಡ್ಯೂಟಿಯ ಒಬ್ಬ ನರ್ಸ್ ಬೆಡ್‌ಪ್ಯಾನ್‌ನಲ್ಲಿ ಏನಿದೆ ಎಂದು ಬಗ್ಗಿ ನೋಡಿದ್ದರಿಂದ. ನಾನು ಯಾವ ಕೆಲಸವನ್ನು ಹೇಸಿಗೆಯದು ಎಂದು ಹೀಗಳೆದಿದ್ದೆನೋ ಅದೇ ಕೆಲಸ. ಹೊಟ್ಟೆಯೊಳಗೆ ರಕ್ತ ಸೋರುವ ಕಾಯಿಲೆಯಲ್ಲಿ ಯಂತ್ರಕ್ಕಿಂತ ಮೊದಲು, ಎಷ್ಟೋ ಸಲ ಡಾಕ್ಟರಿಗಿಂತಲೂ ಮೊದಲು, ಅಪಾಯ ಕಾಣುವುದು ಪಕ್ಕದಲ್ಲಿ ನಿಂತು ನೋಡುವ ನರ್ಸ್‌ಗೆ ಎಂಬುದು ನನಗೆ ತಿಳಿದದ್ದು ಹಾಗೆ.

ನಮ್ಮದು ತೆಂಗಿನ ಸೀಮೆಯ ಸಣ್ಣ ಊರು. ಅಪ್ಪನದು ಹಿಟ್ಟಿನ ಗಿರಣಿ. ವಯಸ್ಸು 54. ಬೆಳಿಗ್ಗೆ ಆರಕ್ಕೆ ಬೆಲ್ಟು ತಿರುಗಿದರೆ ರಾತ್ರಿ ಎಂಟರವರೆಗೆ ನಿಂತೇ ಇರಬೇಕು. ಮಂಡಿನೋವು ಶುರುವಾಗಿ ಎರಡು ವರ್ಷ. ಡಿಸೆಂಬರ್‌ನಲ್ಲಿ ಫೋನ್ ಮಾಡಿ ‘ಆ ನೋವಿನ ಮಾತ್ರೆ ಇಲ್ಲಿ ಸಿಗ್ತಿಲ್ಲ ಕಣಪ್ಪಾ, ಬರ್ತಾ ತಗೊಂಡ್ ಬಾ’ ಅಂದರು. ನಾನು ಕಾಲೇಜಿನ ಎದುರಿನ ಮೆಡಿಕಲ್ ಶಾಪಿನಲ್ಲಿ ಡೈಕ್ಲೋಫೆನಾಕ್ ಆರು ಪಟ್ಟಿ ತಂದುಕೊಟ್ಟೆ. ಚೀಟಿ ಯಾರೂ ಕೇಳಲಿಲ್ಲ, ನಾನೂ ಕೊಡಲಿಲ್ಲ. ದಿನಕ್ಕೆರಡರಂತೆ, ಬೆಳಗಿನದನ್ನು ಖಾಲಿ ಹೊಟ್ಟೆಗೆ, ಬರೀ ಕಾಫಿ ಜೊತೆ ನುಂಗುತ್ತಿದ್ದರಂತೆ.

ಸೆಮಿಸ್ಟರ್ ಪರೀಕ್ಷೆ ಮುಗಿಸಿ ಊರಿಗೆ ಬಂದಾಗ ಅಪ್ಪ ಗಿರಣಿಯಲ್ಲಿ ಇರಲಿಲ್ಲ. ಜಗುಲಿಯ ಮೇಲೆ ಮಲಗಿದ್ದರು. ‘ತಲೆ ಗಿರ್ ಅಂತದೆ’ ಅಂದರು. ಅಮ್ಮ ‘ಪಿತ್ತ ಕೆರಳಿರ್ಬೇಕು’ ಎಂದು ನಿಂಬೆಹಣ್ಣಿನ ಶರಬತ್ತು, ಜೀರಿಗೆ ಕಷಾಯ ಎಲ್ಲ ಕೊಟ್ಟಿದ್ದಳು. ಮಾರನೇ ದಿನ ಬಚ್ಚಲಿನಿಂದ ಬರುವಾಗ ಬಾಗಿಲ ಹತ್ತಿರ ಕುಸಿದು ಕೂತರು. ತಾಲ್ಲೂಕು ಕೇಂದ್ರದ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಸುಸ್ತು, ತಲೆಸುತ್ತು ಎಂದೆವು. ನಾವು ಹೇಳಿದ್ದೇ ಅಷ್ಟು. ಗ್ಲುಕೋಸ್ ಹಾಕಿದರು. ಬಿಪಿ 110/70. ‘ಬಿಪಿ ನಾರ್ಮಲ್’ ಎಂದು ತಂಗಿಗೆ ವಾಟ್ಸ್ಆ್ಯಪ್ ಮಾಡಿ ನಿರಾಳವಾದೆ.

ಹಗಲು ಅಲ್ಲಿದ್ದವರನ್ನು ನಾನು ದೂರುತ್ತಿಲ್ಲ. ಆ ವಾರ್ಡು ಜಾತ್ರೆಯ ಹಾಗೆ ತುಂಬಿತ್ತು. ಮುಖ್ಯವಾದ ಸಂಗತಿಯನ್ನು ಮುಚ್ಚಿಟ್ಟವರು ನಾವು.

ರಾತ್ರಿ ಒಂಬತ್ತೂವರೆಗೆ ನೈಟ್ ಡ್ಯೂಟಿಯ ಸಿಸ್ಟರ್ ಬಂದರು. ನನಗಿಂತ ಐದಾರು ವರ್ಷ ದೊಡ್ಡವರಿರಬಹುದು. ಚಾರ್ಟ್ ನೋಡಿದರು. ಆಮೇಲೆ ಮಿಷನ್ನಿನ ಕಡೆ ಹೋಗದೆ ಅಪ್ಪನ ಮಣಿಕಟ್ಟು ಹಿಡಿದು ಗೋಡೆ ಗಡಿಯಾರ ನೋಡುತ್ತ ಪೂರಾ ಒಂದು ನಿಮಿಷ ನಿಂತರು. ಕೈ ಬಿಟ್ಟು ಹಣೆ ಮುಟ್ಟಿದರು. ಕಣ್ಣಿನ ಕೆಳರೆಪ್ಪೆ ಎಳೆದು ಟಾರ್ಚ್ ಹಿಡಿದರು.

‘ಯಜಮಾನ್ರೇ, ಮೋಷನ್ ಯಾವ ಬಣ್ಣಕ್ಕೆ ಹೋಗ್ತಿದೆ?’

ಅಪ್ಪ ನನ್ನ ಮುಖ ನೋಡಿದರು. ಪಕ್ಕದ ಮಂಚದವರನ್ನು ನೋಡಿದರು. ‘ಎಲ್ಲಾ ಸರಿಯಾಗೇ ಇದೆ’ ಅಂದರು. ನನಗೂ ಮುಜುಗರವಾಗಿ ‘ಬರೀ ಸುಸ್ತು ಸಿಸ್ಟರ್, ಬೆಳಿಗ್ಗೆ ಡಾಕ್ಟರ್ ನೋಡಿದ್ದಾರೆ, ಬಿಪಿ ನಾರ್ಮಲ್ ಇದೆಯಂತೆ’ ಅಂದೆ. ಈಗ ನೆನೆಸಿಕೊಂಡರೆ ಕಿವಿ ಬಿಸಿಯಾಗುತ್ತದೆ. ಅವರು ನನ್ನ ಜೊತೆ ವಾದಕ್ಕೆ ಇಳಿಯಲಿಲ್ಲ. ‘ನೀವು ಕೆಳಗೆ ಹೋಗಿ ಒಂದು ಬಾಟಲ್ ನೀರು ತನ್ನಿ’ ಎಂದು ನನ್ನನ್ನು ಸಾಗಹಾಕಿದರು. ಮಗನ ಎದುರು ಅಪ್ಪಂದಿರು ಬಾಯಿ ಬಿಡುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ನಾನು ನೀರಿನ ಜೊತೆ ಅಪ್ಪನಿಗೆಂದು ಬಿಸಿ ಹಾಲೂ ಹಿಡಿದು ಬರುವಷ್ಟರಲ್ಲಿ ಪರದೆ ಎಳೆದಿತ್ತು. ಒಳಗೆ ಅಪ್ಪನ ದನಿ ಕೇಳಿತು. ‘ಎರಡು ದಿನದಿಂದ ಡಾಂಬರು ಇದ್ದಂಗೆ ಹೋಗ್ತದೆ ಕಣವ್ವಾ. ಹೇಳ್ಕೊಳಕ್ಕೆ ನಾಚಿಕೆ.’

ಸಿಸ್ಟರ್ ಅಷ್ಟಕ್ಕೇ ಬಿಡಲಿಲ್ಲ. ಬೆಡ್‌ಪ್ಯಾನ್ ಕೊಟ್ಟು, ಆಮೇಲೆ ತಾವೇ ನೋಡಿದರು. ಕಪ್ಪು, ಅಂಟಂಟು, ವಿಪರೀತ ವಾಸನೆ. ನಾನು ಮೂಗು ಮುಚ್ಚಿಕೊಂಡು ಹಿಂದೆ ಸರಿದೆ, ಅವರು ಸರಿಯಲಿಲ್ಲ. ಆ ವಾಸನೆಯೂ ಒಂದು ಲಕ್ಷಣ ಎಂಬುದು ನನಗೆ ಆಗ ಗೊತ್ತಿರಲಿಲ್ಲ.

ಇದಕ್ಕೆ ವೈದ್ಯಕೀಯದಲ್ಲಿ ಮೆಲೆನಾ ಎನ್ನುತ್ತಾರೆ. ಅನ್ನನಾಳ, ಜಠರ ಅಥವಾ ಸಣ್ಣ ಕರುಳಿನ ಮೊದಲ ಭಾಗದಲ್ಲಿ ರಕ್ತ ಸೋರಿದರೆ ಅದು ಆಮ್ಲಕ್ಕೆ ಸಿಕ್ಕಿ, ಕರುಳಿನುದ್ದಕ್ಕೂ ಜೀರ್ಣವಾಗುತ್ತ ಸಾಗಿ ಹೊರಬರುವಾಗ ಕೆಂಪಾಗಿ ಉಳಿದಿರುವುದಿಲ್ಲ. ಡಾಂಬರಿನಂತೆ ಕಪ್ಪಾಗಿರುತ್ತದೆ. 50ರಿಂದ 100 ಮಿ.ಲೀ. ರಕ್ತ, ಎಂದರೆ ಒಂದು ಲೋಟ ಕಾಫಿಯಷ್ಟು ಸೋರಿದರೂ ಸಾಕು ಈ ಬಣ್ಣ ಬರುವುದಕ್ಕೆ. ಕಬ್ಬಿಣಾಂಶದ ಮಾತ್ರೆ ತಿನ್ನುವವರಿಗೂ ಮಲ ಕಪ್ಪಾಗುತ್ತದೆ, ಆದರೆ ಅದು ಡಾಂಬರಿನಂತೆ ಅಂಟುವುದಿಲ್ಲ, ಆ ನಾತವೂ ಇರುವುದಿಲ್ಲ. ಕೆಳಗಿನ ದೊಡ್ಡ ಕರುಳಿನಲ್ಲಿ ಸೋರಿದರೆ ಸಾಮಾನ್ಯವಾಗಿ ಕೆಂಪಾಗೇ ಬರುತ್ತದೆ. ಮೇಲಿನಿಂದ ಬಹಳ ರಭಸವಾಗಿ ಸೋರಿದಾಗಲೂ ಕೆಂಪಾಗಿ ಬರುವುದುಂಟು, ಹಾಗಿದ್ದರೆ ಪರಿಸ್ಥಿತಿ ತೀರಾ ಗಂಭೀರ. ನಮ್ಮ ಕಡೆ ಕೆಂಪು ಕಂಡರೆ ಜನ ಹೆದರುತ್ತಾರೆ, ಇಲ್ಲವೇ ಮೂಲವ್ಯಾಧಿ ಎಂದು ಸುಮ್ಮನಾಗುತ್ತಾರೆ. ಕಪ್ಪನ್ನು ಯಾರೂ ರಕ್ತ ಎಂದುಕೊಳ್ಳುವುದೇ ಇಲ್ಲ. ನಮ್ಮಪ್ಪ ‘ರಾಗಿ ಮುದ್ದೆ ಜಾಸ್ತಿಯಾಯ್ತೇನೋ’ ಅಂದುಕೊಂಡಿದ್ದರಂತೆ.

ಇನ್ನು ಆ ‘ನಾರ್ಮಲ್’ ಬಿಪಿಯ ಕತೆ. 70 ಕೆ.ಜಿ. ತೂಕದ ಮನುಷ್ಯನಲ್ಲಿ ಸುಮಾರು ಐದು ಲೀಟರ್ ರಕ್ತ ಇರುತ್ತದೆ. ಅದರಲ್ಲಿ ಶೇ 15ರಿಂದ 30ರಷ್ಟು, ಎಂದರೆ ಮುಕ್ಕಾಲು ಲೀಟರ್‌ನಿಂದ ಒಂದೂವರೆ ಲೀಟರ್‌ವರೆಗೆ ಹೋದರೂ ಮಲಗಿರುವವರ ಬಿಪಿ ಹೆಚ್ಚುಕಡಿಮೆ ಸರಿಯಾಗಿಯೇ ತೋರಿಸಬಹುದು. ದೇಹ ರಕ್ತನಾಳಗಳನ್ನು ಬಿಗಿಮಾಡಿ, ಕೈಕಾಲಿನ ರಕ್ತವನ್ನು ಹೃದಯ, ಮೆದುಳಿನ ಕಡೆಗೆ ತಿರುಗಿಸಿ, ಹೃದಯವನ್ನು ಜೋರಾಗಿ ಓಡಿಸಿ ಒತ್ತಡವನ್ನು ಹಿಡಿದಿಟ್ಟುಕೊಳ್ಳುತ್ತದೆ. ಅದಕ್ಕೇ ಮೊದಲು ಏರುವುದು ನಾಡಿ. ಕೈ ತಣ್ಣಗಾಗುತ್ತದೆ, ಬೆವರುತ್ತದೆ, ಮೂತ್ರ ಕಡಿಮೆಯಾಗುತ್ತದೆ. ಬಿಪಿ ಕುಸಿಯುವುದು ಈ ಸರ್ಕಸ್ಸೆಲ್ಲ ಸೋತ ಮೇಲೆ. ಮಿಷನ್ನಿನಲ್ಲಿ ಬಿಪಿ ಕೆಂಪು ಅಕ್ಷರದಲ್ಲಿ ಕಾಣುವಷ್ಟರಲ್ಲಿ ತಡವಾಗಿರುತ್ತದೆ.

ಅಪ್ಪನ ನಾಡಿ ಆಗ 116. ‘ಇವರಿಗೆ ಮಾಮೂಲಿ ಬಿಪಿ ಎಷ್ಟಿರುತ್ತೆ?’ ಎಂದು ಸಿಸ್ಟರ್ ಕೇಳಿದಾಗ ನನಗೆ ಹೊಳೆಯಿತು. ಊರಿನ ಕ್ಯಾಂಪಿನಲ್ಲಿ ಯಾವಾಗ ನೋಡಿಸಿದರೂ 140ರ ಮೇಲೆಯೇ. 110 ಎಂಬುದು ನನಗೆ ನಾರ್ಮಲ್ ಇರಬಹುದು, ಅಪ್ಪನಿಗಲ್ಲ. ನಾಡಿಯನ್ನು ಮೇಲಿನ ಬಿಪಿಯಿಂದ ಭಾಗಿಸಿ ನೋಡುವ ಒಂದು ಲೆಕ್ಕವಿದೆ, ಶಾಕ್ ಇಂಡೆಕ್ಸ್ ಅಂತ. 1967ರಲ್ಲಿ ಆಲ್ಗೋವರ್ ಮತ್ತು ಬುರಿ ಎಂಬ ಇಬ್ಬರು ವೈದ್ಯರು ಕೊಟ್ಟದ್ದು. ಆರೋಗ್ಯವಂತರಲ್ಲಿ ಅದು 0.5ರಿಂದ 0.7. 1 ದಾಟಿದರೆ ಅಪಾಯ. 116ನ್ನು 110ರಿಂದ ಭಾಗಿಸಿ ನೋಡಿ. ಎರಡು ಮಾಮೂಲಿ ಅಂಕಿಗಳನ್ನು ಒಟ್ಟಿಗಿಟ್ಟು ನೋಡಿದರೆ ಸಿಗುವ ಉತ್ತರ ಇದು. ನಾನು ಒಂದನ್ನೇ ನೋಡಿ ತಂಗಿಗೆ ಮೆಸೇಜು ಕಳಿಸಿ ಕೂತಿದ್ದೆ! ಇದರಲ್ಲೂ ಒಂದು ಮೋಸವಿದೆ. ಬಿಪಿಗೆಂದು ಅಟೆನೊಲಾಲ್, ಮೆಟೊಪ್ರೊಲಾಲ್ ಥರದ ಮಾತ್ರೆ ತಿನ್ನುವವರಲ್ಲಿ ರಕ್ತ ಹೋದರೂ ನಾಡಿ ಅಷ್ಟಾಗಿ ಏರುವುದಿಲ್ಲ. ಯಾವ ಯಾವ ಮಾತ್ರೆ ತಿನ್ನುತ್ತಾರೆ ಎಂದು ನರ್ಸ್ ಕೆದಕಿ ಕೆದಕಿ ಕೇಳುವುದು ಸುಮ್ಮನೆ ಅಲ್ಲ.

ಆ ಪ್ರಶ್ನೆ ನನ್ನ ಕಡೆಗೂ ಬಂತು. ಚೀಲದಲ್ಲಿದ್ದ ಪಟ್ಟಿ ತೆಗೆದು ತೋರಿಸಿದೆ. ಅವರು ಹೆಸರು ಓದಿ ‘ಎಷ್ಟು ದಿನದಿಂದ?’ ಎಂದರು. ‘ಒಂದು ತಿಂಗಳು’ ಎಂದೆ. ‘ಯಾರು ಬರೆದುಕೊಟ್ಟಿದ್ದು?’ ಎಂಬುದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಅವರು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಮುಂದಿನ ಇಪ್ಪತ್ತು ನಿಮಿಷ ನಾನು ಗೋಡೆಗೆ ಒರಗಿ ನೋಡುತ್ತ ನಿಂತಿದ್ದೆ. ಮೊದಲು ಡ್ಯೂಟಿ ಡಾಕ್ಟರಿಗೆ ಫೋನ್. ಆ ಮಾತು ನನಗೆ ಬಾಯಿಪಾಠವಾಗಿದೆ: ‘ಸರ್, ಬೆಡ್ 14, 54 ವರ್ಷ, ಸುಸ್ತು ಅಂತ ಬೆಳಿಗ್ಗೆ ಅಡ್ಮಿಟ್ ಆದವರು. ಎರಡು ದಿನದಿಂದ ಮೆಲೆನಾ ಇದೆ, ನಾನೇ ನೋಡಿದೆ. ಒಂದು ತಿಂಗಳಿಂದ ಡೈಕ್ಲೋಫೆನಾಕ್ ತಗೊಂಡಿದ್ದಾರೆ. ಪಲ್ಸ್ 116, ಬಿಪಿ 110, ಕೈಕಾಲು ತಣ್ಣಗಿದೆ. ಜಿಐ ಬ್ಲೀಡ್ ಅನ್ಸುತ್ತೆ ಸರ್, ಈಗಲೇ ಬಂದು ನೋಡಿ.’ ಅರ್ಧ ನಿಮಿಷವೂ ಆಗಿರಲಿಕ್ಕಿಲ್ಲ. ಹೀಗೆ ಪರಿಸ್ಥಿತಿ, ಹಿನ್ನೆಲೆ, ತನ್ನ ಅಂದಾಜು, ಏನಾಗಬೇಕು ಎಂಬ ಕ್ರಮದಲ್ಲಿ ಹೇಳುವುದಕ್ಕೆ ಎಸ್‌ಬಾರ್ ಎಂಬ ಹೆಸರಿದೆ. ಅಮೆರಿಕದ ನೌಕಾಪಡೆಯಿಂದ ಆಸ್ಪತ್ರೆಗಳಿಗೆ ಬಂದ ಪದ್ಧತಿ. ನಮ್ಮ ಕಾಲೇಜಿನಲ್ಲಿ ಕಮ್ಯುನಿಕೇಶನ್ ಸ್ಕಿಲ್ಸ್ ಎಂದು ಒಂದು ಇಡೀ ವಿಷಯವಿದೆ. ಪಾಸಾಗಿದ್ದೇನೆ, ಆದರೆ ಹೀಗೆ ಮಾತಾಡಲು ನನಗೆ ಇವತ್ತಿಗೂ ಬರುವುದಿಲ್ಲ.

ಡಾಕ್ಟರ್ ಬರುವಷ್ಟರಲ್ಲಿ ನನ್ನ ಕೈಯಲ್ಲಿದ್ದ ಹಾಲಿನ ಲೋಟ ಕಿಟಕಿಯ ಮೇಲೆ ಹೋಗಿತ್ತು. ಬಾಯಿಗೆ ಏನೂ ಇಲ್ಲ, ನೀರೂ ಇಲ್ಲ. ಹೊಟ್ಟೆ ಖಾಲಿಯಿದ್ದರೇ ಎಂಡೋಸ್ಕೋಪಿ ಮಾಡಲಾಗುವುದು, ವಾಂತಿಯಾದರೆ ಶ್ವಾಸಕೋಶಕ್ಕೆ ಹೋಗುವ ಭಯವೂ ಕಡಿಮೆ. ದಿಂಬು ತೆಗೆದು ಅಪ್ಪನನ್ನು ಮಟ್ಟಸವಾಗಿ ಮಲಗಿಸಿದರು. ‘ಬಚ್ಚಲಿಗೆ ಏಳ್ಬೇಡಿ ಯಜಮಾನ್ರೇ, ನಿಂತರೆ ಬೀಳ್ತೀರಿ’ ಎಂದು ತಾಕೀತು ಮಾಡಿದರು. ರಕ್ತ ಕಳೆದುಕೊಂಡವರು ಎದ್ದು ನಿಂತಾಗ ಬಿಪಿ 20 ಪಾಯಿಂಟ್, ಅದಕ್ಕೂ ಹೆಚ್ಚು ಇಳಿಯಬಹುದು. ಮನೆಯಲ್ಲಿ ಬಚ್ಚಲ ಬಾಗಿಲಲ್ಲಿ ಕುಸಿದದ್ದು ಅದೇ. ಡಾಕ್ಟರ್ ಬಂದು ನೋಡಿದವರೇ ಸಿಸ್ಟರ್ ಅಂದಾಜು ಸರಿ ಎಂದರು. ಆಸಿಡ್ ತಗ್ಗಿಸುವ ಪ್ಯಾಂಟೊಪ್ರಜೋಲ್ ಇಂಜೆಕ್ಷನ್ ಹೋಯಿತು. ಹಿಮೋಗ್ಲೋಬಿನ್, ರಕ್ತದ ಗುಂಪು, ಕ್ರಾಸ್ ಮ್ಯಾಚ್‌ಗೆಂದು ರಕ್ತ ತೆಗೆದರು.

ಹಾಗೂ ಕೈಯಲ್ಲಿದ್ದ ನೀಲಿ ಬಣ್ಣದ ಸೂಜಿಯನ್ನು ನೋಡಿ ಸಿಸ್ಟರ್ ತಲೆಯಾಡಿಸಿದರು. ‘ಇದು ಸಾಲಲ್ಲ’ ಎಂದು ಎರಡೂ ಮೊಣಕೈ ಹತ್ತಿರ ಹಸಿರು ಬಣ್ಣದ ದಪ್ಪ ಕ್ಯಾನುಲಾ ಹಾಕಿದರು. ನಾನು ಮೆಕ್ಯಾನಿಕಲ್ ವಿದ್ಯಾರ್ಥಿ. ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ ಪ್ವಾಸೆಯ ನಿಯಮ ಓದಿದ್ದೇನೆ: ಕೊಳವೆಯ ಮೂಲಕ ಹರಿಯುವ ದ್ರವದ ಪ್ರಮಾಣ ಅದರ ತ್ರಿಜ್ಯದ ನಾಲ್ಕನೇ ಘಾತಕ್ಕೆ ತಕ್ಕಂತೆ ಏರುತ್ತದೆ, ಉದ್ದ ಹೆಚ್ಚಿದಷ್ಟೂ ಇಳಿಯುತ್ತದೆ. ತ್ರಿಜ್ಯ ಎರಡು ಪಟ್ಟಾದರೆ ಹರಿವು ಹದಿನಾರು ಪಟ್ಟು. ಇಂಟರ್ನಲ್ಸ್‌ನಲ್ಲಿ ಇದನ್ನು ಬರೆದು ಅಂಕವನ್ನೂ ತೆಗೆದುಕೊಂಡಿದ್ದೆ. 22 ಗೇಜಿನ ನೀಲಿಗೂ 18 ಗೇಜಿನ ಹಸಿರಿಗೂ ಅಗಲದಲ್ಲಿ ಅರ್ಧ ಮಿಲಿಮೀಟರ್ ವ್ಯತ್ಯಾಸವೂ ಇಲ್ಲ, ಹರಿಯುವ ದ್ರವ ಮಾತ್ರ ಎರಡು ಪಟ್ಟಿಗಿಂತ ಹೆಚ್ಚು. ಸೋರುತ್ತಿರುವ ಮನುಷ್ಯನಿಗೆ ಬೇಗ ತುಂಬಿಸಬೇಕೆಂದರೆ ಬೇಕಾದ್ದು ಇದೇ ಗಣಿತ. ನಾನು ಉತ್ತರ ಪತ್ರಿಕೆಯಲ್ಲಿ ಬಿಡಿಸಿದ ಲೆಕ್ಕವನ್ನು ಅವರು ಕುಗ್ಗಿಹೋದ ರಕ್ತನಾಳವೊಂದನ್ನು ಬೆರಳಿನಲ್ಲೇ ಹುಡುಕಿ, ಮೊದಲ ಸಲಕ್ಕೇ ಬಿಡಿಸಿದರು.

ಅಲ್ಲಿ ಎಂಡೋಸ್ಕೋಪಿ ಇರಲಿಲ್ಲ. 108 ಆಂಬುಲೆನ್ಸ್‌ನಲ್ಲಿ ಜಿಲ್ಲಾ ಕೇಂದ್ರಕ್ಕೆ ಹೊರಟೆವು. ಸಿಸ್ಟರ್ ಹದಿನೈದು ನಿಮಿಷಕ್ಕೊಮ್ಮೆ ಬರೆದಿಟ್ಟ ನಾಡಿ, ಬಿಪಿ, ಉಸಿರು, ಮೂತ್ರದ ಲೆಕ್ಕದ ಹಾಳೆಯನ್ನು ನನ್ನ ಜೇಬಿಗೆ ತುರುಕಿ ‘ಅಲ್ಲಿ ಮೊದಲು ಇದನ್ನ ಕೊಡಿ’ ಅಂದರು. ದಾರಿಯಲ್ಲಿ ಅಪ್ಪನಿಗೆ ವಾಂತಿಯಾಯಿತು. ಕಾಫಿ ಫಿಲ್ಟರ್‌ನಲ್ಲಿ ಉಳಿಯುವ ಚರಟದ ಹಾಗಿತ್ತು. ಅದೂ ರಕ್ತವೇ, ಜಠರದ ಆಮ್ಲದಲ್ಲಿ ಬೆಂದ ರಕ್ತ. ಆಂಬುಲೆನ್ಸ್‌ನಲ್ಲಿದ್ದ ನರ್ಸ್ ಒಂದೇ ಏಟಿಗೆ ಅಪ್ಪನನ್ನು ಎಡಮಗ್ಗುಲಿಗೆ ಹೊರಳಿಸಿ ಬಾಯಿ ಶುಚಿ ಮಾಡಿದರು. ಅಂಗಾತ ಮಲಗಿದ್ದರೆ ಉಸಿರುಕಟ್ಟುತ್ತಿತ್ತು.

ದೊಡ್ಡಾಸ್ಪತ್ರೆಯಲ್ಲಿ ಡಾಕ್ಟರ್ ಆ ಹಾಳೆಯನ್ನು ಎರಡು ಸಲ ಓದಿದರು. ತಾಲ್ಲೂಕಿನಲ್ಲಿ ತೆಗೆದ ಹಿಮೋಗ್ಲೋಬಿನ್ 9.8 ಬಂದಿತ್ತು. ‘ಅಷ್ಟೇನೂ ಕಡಿಮೆಯಿಲ್ಲವಲ್ಲ’ ಎಂದೆ. ಬೆಳಗಿನ ಜಾವಕ್ಕೆ 6.6 ಆಯಿತು. ನಾನು ಬೆಚ್ಚಿಬಿದ್ದೆ, ಅವರು ಬೀಳಲಿಲ್ಲ. ಪಾತ್ರೆಯಲ್ಲಿರುವ ಸಾರು ಅರ್ಧ ಚೆಲ್ಲಿಹೋದರೂ ಉಳಿದ ಸಾರು ಅಷ್ಟೇ ಗಟ್ಟಿಯಾಗಿರುತ್ತದೆ. ನೀರು ಬೆರೆತ ಮೇಲೆ ತಾನೆ ತೆಳುವಾಗುವುದು? ರಕ್ತವೂ ಹಾಗೆಯೇ. ಹೊಸದಾಗಿ ಸೋರಿದ್ದು ಮೊದಲ ರಿಪೋರ್ಟಿನಲ್ಲಿ ಪೂರ್ತಿ ಕಾಣುವುದಿಲ್ಲ. ಲ್ಯಾಬಿನ ಕಾಗದಕ್ಕೆ ಕಾಣದಿದ್ದದ್ದು ರಾತ್ರಿ ಒಂಬತ್ತೂವರೆಗೆ ಒಬ್ಬರ ಬೆರಳಿಗೆ ಸಿಕ್ಕಿತ್ತು ಎಂಬುದೇ ನನ್ನ ಮಾತು.

ಎರಡು ಯೂನಿಟ್ ರಕ್ತ ಕೊಟ್ಟರು. ಬದಲಿಗೆ ರಕ್ತ ಕೊಡಲು ಹಾಸ್ಟೆಲ್‌ನಿಂದ ಮೂವರು ಗೆಳೆಯರು ಬಸ್ ಹತ್ತಿ ಬಂದರು. ಅದರಲ್ಲೊಬ್ಬನಿಗೆ ಹಿಮೋಗ್ಲೋಬಿನ್ 12.5ಕ್ಕಿಂತ ಕಡಿಮೆ ಎಂದು ವಾಪಸು ಕಳಿಸಿದರು. ಮೂರು ಹೊತ್ತೂ ನೂಡಲ್ಸ್ ತಿಂದರೆ ಇನ್ನೇನಾಗುತ್ತದೆ? ನಾನು ‘ಇನ್ನೂ ಎರಡು ಬಾಟಲ್ ಹಾಕಿ ಸರ್’ ಎಂದು ದುಂಬಾಲು ಬಿದ್ದೆ. ಹೃದಯದ ತೊಂದರೆ ಇಲ್ಲದವರಲ್ಲಿ ಹಿಮೋಗ್ಲೋಬಿನ್ 7ಕ್ಕಿಂತ ಕೆಳಗಿಳಿದಾಗ ಮಾತ್ರ ಕೊಡುವುದೇ ಒಳ್ಳೆಯದು, ಧಾರಾಳವಾಗಿ ಕೊಟ್ಟವರಿಗಿಂತ ಹೀಗೆ ಹಿಡಿತದಲ್ಲಿ ಕೊಟ್ಟವರೇ ಹೆಚ್ಚು ಬದುಕಿದ್ದಾರೆ ಎಂದು 2013ರಲ್ಲಿ ಬಾರ್ಸಿಲೋನಾದ ವೈದ್ಯರು ತೋರಿಸಿದ್ದಾರೆ ಎಂದು ಅವರು ತಾಳ್ಮೆಯಿಂದ ಹೇಳಿದರು. ರಕ್ತದ ಚೀಲ ಬಂದಾಗ ಇಬ್ಬರು ನರ್ಸ್‌ಗಳು ಎದುರುಬದುರು ನಿಂತು ಹೆಸರು, ನಂಬರು, ಗುಂಪು ಓದಿ ತಾಳೆ ನೋಡಿದರು. ಶುರುವಾದ ಮೇಲೆ ಮೊದಲ ಹದಿನೈದು ನಿಮಿಷ ಒಬ್ಬರು ಕದಲಲೇ ಇಲ್ಲ. ಚಳಿ, ಜ್ವರ, ತುರಿಕೆ, ಬೆನ್ನುನೋವು, ಏನಾದರೂ ಕಂಡರೆ ತಕ್ಷಣ ನಿಲ್ಲಿಸಬೇಕು.

ಎಂಡೋಸ್ಕೋಪಿಯಲ್ಲಿ ಸಿಕ್ಕಿದ್ದು ಸಣ್ಣ ಕರುಳಿನ ಬಾಯಲ್ಲಿ ಒಂದು ಹುಣ್ಣು. ಅಲ್ಲೇ ಇಂಜೆಕ್ಷನ್ ಕೊಟ್ಟು ಕ್ಲಿಪ್ ಹಾಕಿದರು. ಮಾತ್ರೆಯ ಜೊತೆ ಹೆಲಿಕೊಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾವೂ ಸೇರಿಕೊಂಡಿತ್ತು. ಇದು ಜಠರಕ್ಕೆ ರೋಗ ತರುತ್ತದೆಂದರೆ ಯಾರೂ ನಂಬದಿದ್ದಾಗ ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ 1984ರಲ್ಲಿ ತಾನೇ ಅದನ್ನು ಕುಡಿದು ತೋರಿಸಿದ್ದ. 2005ರಲ್ಲಿ ರಾಬಿನ್ ವಾರೆನ್ ಜೊತೆ ನೊಬೆಲ್ ಬಂತು. ಅಪ್ಪನಿಗೆ ಇದನ್ನು ಹೇಳಿದಾಗ ‘ಹುಚ್ಚ’ ಅಂದರು.

ಈಗ ನನ್ನ ತಕರಾರಿಗೆ ಬರುತ್ತೇನೆ. ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಪ್ರತಿವರ್ಷ ‘ಸ್ಮಾರ್ಟ್ ಹೆಲ್ತ್ ಮಾನಿಟರಿಂಗ್ ಸಿಸ್ಟಮ್’ ಎಂಬ ಪ್ರಾಜೆಕ್ಟ್ ಮಾಡುವ ಒಂದು ತಂಡವಾದರೂ ಇರುತ್ತದೆ. ನಾನೂ ಎಲೆಕ್ಟ್ರಾನಿಕ್ಸ್ ಓದುವ ಗೆಳೆಯನೂ ಸೇರಿ ಮಾಡಿದ್ದೆವು. ಬೆರಳಿಗೆ ಸೆನ್ಸರ್, ಮೊಬೈಲಿಗೆ ಅಲರ್ಟ್. ಬಿಪಿ 90ಕ್ಕಿಂತ ಕೆಳಗಿಳಿದರೆ ಬಝರ್ ಕೂಗುತ್ತದೆ. ‘ನರ್ಸ್‌ಗಳ ಅವಶ್ಯಕತೆ ಕಡಿಮೆಯಾಗುತ್ತದೆ’ ಎಂದು ರಿಪೋರ್ಟಿನ ಕೊನೆಯಲ್ಲಿ ಬರೆದಿದ್ದವನು ನಾನೇ. ಅಪ್ಪನಿಗೆ ಅದನ್ನು ಹಾಕಿದ್ದರೆ ಆ ರಾತ್ರಿ ಬಝರ್ ಕೂಗುತ್ತಲೇ ಇರಲಿಲ್ಲ. ತಣ್ಣಗಾದ ಬೆರಳಿನಲ್ಲಿ ಸೆನ್ಸರ್ ಸರಿಯಾಗಿ ಓದುವುದೂ ಕಷ್ಟ. ನಾಡಿಯ ಏರಿಕೆ ಹಿಡಿಯುವಂತೆ ಅದನ್ನು ಸುಧಾರಿಸಬಹುದು, ಸರಿ. ಆದರೆ ಮಗನನ್ನು ನೀರು ತರಲು ಕಳಿಸಿ, ಪರದೆ ಎಳೆದು, ‘ನಾಚಿಕೆ ಪಟ್ಕೋಬೇಡಿ’ ಎಂದು ಕೇಳುವುದಕ್ಕೆ ಕೋಡ್ ಬರೆಯುವುದು ಹೇಗೆ? ಫ್ಲಾರೆನ್ಸ್ ನೈಟಿಂಗೇಲ್ 1859ರಲ್ಲಿ ನರ್ಸಿಂಗ್ ಬಗ್ಗೆ ಬರೆದ ಪುಸ್ತಕದಲ್ಲಿ ರೋಗಿಯನ್ನು ಗಮನಿಸುವುದಕ್ಕೆಂದೇ ಒಂದು ಅಧ್ಯಾಯವಿದೆ. ನಾವು ಅದನ್ನು ಕಲಿಕೆ ಎಂದೇ ಪರಿಗಣಿಸಿಲ್ಲ. ಇಂಜೆಕ್ಷನ್ ಕೊಡುವವರು, ಬೆಡ್‌ಶೀಟ್ ಬದಲಿಸುವವರು ಎಂದುಕೊಂಡಿದ್ದೇವೆ.

‘ಎಲ್ಲ ನರ್ಸ್‌ಗಳೂ ಹಾಗಿರಲ್ಲ ಬಿಡೋ, ಎಷ್ಟೋ ಕಡೆ ಕರೆದರೂ ತಿರುಗಿ ನೋಡಲ್ಲ’ ಎಂದು ಗೆಳೆಯನೊಬ್ಬ ವಾದಿಸಿದ. ಇರಬಹುದು. ಆದರೆ ಒಬ್ಬರೇ ಮೂವತ್ತು ನಲವತ್ತು ಮಂಚ ನೋಡಬೇಕಾದ ರಾತ್ರಿಯಲ್ಲಿ ಒಬ್ಬೊಬ್ಬರ ನಾಡಿಯನ್ನೂ ಪೂರಾ ನಿಮಿಷ ಎಣಿಸುವುದು ಹೇಗೆ ಸಾಧ್ಯ? ನಮ್ಮ ಸಿಸ್ಟರ್ ಅಪ್ಪನ ಮಂಚದ ಬಳಿ ಇದ್ದಷ್ಟು ಹೊತ್ತೂ ಆ ಕಡೆಯಿಂದ ‘ಸಿಸ್ಟರ್, ಗ್ಲುಕೋಸ್ ಖಾಲಿ’ ಎಂಬ ಕೂಗು ನಿಂತಿರಲಿಲ್ಲ. ಹೆಚ್ಚು ನರ್ಸ್‌ಗಳನ್ನು ನೇಮಿಸಿಕೊಳ್ಳಿ ಎಂದು ಕೇಳುವುದು ಅವರಿಗೆ ಮಾಡುವ ಉಪಕಾರವಲ್ಲ, ಮಂಚದ ಮೇಲೆ ಮಲಗುವವರು ನಮ್ಮಪ್ಪ ಅಮ್ಮಂದಿರು. ಇನ್ನು ನಮ್ಮಂಥ ಜೊತೆಗಾರರ ಬಾಯಿ. ‘ಡಾಕ್ಟರ್ ಎಲ್ಲಿ, ನೀವ್ಯಾಕೆ ಕೇಳ್ತೀರಾ’ ಎಂಬ ಧಾಟಿ. ನಾನು ಆ ರಾತ್ರಿ ಸ್ವಲ್ಪ ಮೆತ್ತಗೆ ಹೇಳಿದ್ದೆ, ಅಷ್ಟೇ ವ್ಯತ್ಯಾಸ. ಕಾಲೇಜು ಹುಡುಗನ ಮಾತಿಗೆ ಅವರು ಬೇಸತ್ತು ಮುಂದಿನ ಮಂಚಕ್ಕೆ ಹೋಗಿದ್ದರೆ?

ಹಾಸ್ಟೆಲ್ ಗೆಳೆಯರಿಗೂ ಒಂದು ಮಾತು. ನಮ್ಮ ಫ್ಲೋರಿನಲ್ಲಿ ತಲೆನೋವು, ಹಲ್ಲುನೋವು, ಜಿಮ್ಮಿನ ಮೈಕೈನೋವು, ಎಲ್ಲಕ್ಕೂ ಒಂದೇ ಡಬ್ಬಿ. ಡೈಕ್ಲೋಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್ ಇವೆಲ್ಲ ಜಠರದ ಒಳಪದರವನ್ನು ಕಾಯುವ ರಾಸಾಯನಿಕವನ್ನೇ ತಗ್ಗಿಸುತ್ತವೆ. ಊಟದ ಮೇಲೆ ನುಂಗಿದರೂ ಅಪಾಯ ಪೂರ್ತಿ ಹೋಗುವುದಿಲ್ಲ, ಏಕೆಂದರೆ ಅವು ರಕ್ತದ ಮೂಲಕವೂ ಅದೇ ಕೆಲಸ ಮಾಡುತ್ತವೆ. ಡಾಕ್ಟರ್ ಹೇಳಿದಾಗ, ಹೇಳಿದಷ್ಟು ದಿನ ತಿನ್ನಿ. ವಯಸ್ಸಾದವರಿಗೆ, ಮೊದಲೇ ಹುಣ್ಣಿದ್ದವರಿಗೆ, ಹೃದಯಕ್ಕೆಂದು ಆಸ್ಪಿರಿನ್ ತಿನ್ನುವವರಿಗೆ ನಮ್ಮ ಡಬ್ಬಿಯಿಂದ ತೆಗೆದು ಕೊಡಲೇಬೇಡಿ. ಹೃದಯದ ಆಸ್ಪಿರಿನ್ನನ್ನು ಡಾಕ್ಟರನ್ನು ಕೇಳದೆ ನಿಲ್ಲಿಸಬಾರದು ಎಂಬುದೂ ನೆನಪಿರಲಿ. ಮನೆಯಲ್ಲಿ ಯಾರಿಗಾದರೂ ಡಾಂಬರಿನಂಥ ಮಲ, ರಕ್ತದ ಅಥವಾ ಕಾಫಿ ಚರಟದಂಥ ವಾಂತಿ, ಎದ್ದು ನಿಂತರೆ ಕಣ್ಣುಕತ್ತಲೆ ಬಂದರೆ ಬೆಳಗಾಗಲಿ ಎಂದು ಕಾಯಬೇಡಿ. ಮಗ್ಗುಲಿಗೆ ಮಲಗಿಸಿ, ಬಾಯಿಗೆ ಏನೂ ಹಾಕದೆ 108ಕ್ಕೆ ಫೋನ್ ಮಾಡಿ. ತಿನ್ನುತ್ತಿದ್ದ ಮಾತ್ರೆಯ ಪಟ್ಟಿಯನ್ನೆಲ್ಲ ಜೊತೆಗೆ ಒಯ್ಯಿರಿ. ಸಿಸ್ಟರ್ ಬಣ್ಣ ಕೇಳಿದರೆ ನಗಬೇಡಿ, ಬಣ್ಣ ಹೇಳಿ.

ಅಪ್ಪ ಆರನೇ ದಿನಕ್ಕೆ ಮನೆಗೆ ಬಂದರು. ಎರಡು ವಾರ ಬಿಟ್ಟು ನಾನು ಸಿಹಿ ಹಿಡಿದು ತಾಲ್ಲೂಕು ಆಸ್ಪತ್ರೆಗೆ ಹೋದೆ. ಆ ಸಿಸ್ಟರ್ ‘ಯಾವ ಬೆಡ್ಡು?’ ಎಂದು ಕೇಳಿದರು. ‘14’ ಎಂದೆ. ‘ಓ, ಆ ಮೆಲೆನಾ ಯಜಮಾನ್ರು! ಈಗ ಹಿಮೋಗ್ಲೋಬಿನ್ ಎಷ್ಟಿದೆ?’ ಎಂದರು. ಪೆಟ್ಟಿಗೆಯಿಂದ ಒಂದು ಮೈಸೂರು ಪಾಕ್ ತೆಗೆದುಕೊಂಡು, ಉಳಿದದ್ದನ್ನು ಆಯಾಗೆ ಕೊಟ್ಟು, ಇಂಜೆಕ್ಷನ್ ಟ್ರೇ ಹಿಡಿದು ನಡೆದರು. ಐದು ನಿಮಿಷದ ಭಾಷಣ ತಯಾರು ಮಾಡಿಕೊಂಡು ಹೋಗಿದ್ದೆ. ಹೇಳಲು ಆಗಲಿಲ್ಲ.

ತಂಗಿಗೆ ಸಾರಿ ಕೇಳಿದೆ. ‘ಪರವಾಗಿಲ್ಲ ಬಿಡಣ್ಣ, ನೀನ್ ಹೇಳ್ದೆ ಅಂತ ನಾನೇನ್ ಡಿಸಿಷನ್ ಚೇಂಜ್ ಮಾಡಿರ್ಲಿಲ್ಲ’ ಎಂದಳು. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಈಗ ಅಪ್ಪನ ಲೆಕ್ಕವೂ ಇದೆ. ಡಾಕ್ಟರ್ ಕಬ್ಬಿಣಾಂಶದ ಮಾತ್ರೆ ಕೊಟ್ಟಿರುವುದರಿಂದ ಬಣ್ಣ ಹೇಗೂ ಕಪ್ಪೇ. ಎರಡು ದಿನ ಬಾಯಿ ಬಿಡದೆ ಜೀವಕ್ಕೆ ತಂದುಕೊಂಡಿದ್ದ ಅಪ್ಪ ಈಗ ಬೆಳಿಗ್ಗೆ ಬಚ್ಚಲಿನಿಂದಲೇ, ಬೀದಿಗೆ ಕೇಳುವ ಹಾಗೆ ಕೂಗುತ್ತಾರೆ:

‘ಕಪ್ಪಗಿದೆ ಕಣಮ್ಮಾ!’

‘ಅಂಟ್ತಾ ಇದ್ಯಾ ಅಪ್ಪಾ?’

‘ಇಲ್ಲ!’

‘ಹಂಗಾದ್ರೆ ಮಾತ್ರೇದು. ಬಂದು ತಿಂಡಿ ತಿನ್ನು.’